ಹೋಳೂರಿನ ತಾತ ಹೇಳಿದ ಪೆನಿಸಿಲಿನ್ ಮಾತು

ಇಂಥ ಕಥೆ ಹೇಳುವವರನ್ನು ನಾನು ಗೇಲಿ ಮಾಡುತ್ತಿದ್ದವಳು. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಂಬುತ್ತೇನೆಂದಲ್ಲ.

ಎಷ್ಟೋ ವರ್ಷದ ಹಿಂದೆ ಶ್ರೀನಿವಾಸಪುರದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ನರ್ಸ್ ಆಗಿದ್ದೆ. ಯಲ್ದೂರಿನ ಹುಡುಗಿಯೊಬ್ಬಳು, ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟವಳು, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳಲು ತಾಯಿಯ ಜೊತೆ ಬರುತ್ತಿದ್ದಳು. ಪ್ರತಿಸಲವೂ ಮೊದಲು ತೋಳಿನ ಚರ್ಮದಡಿ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಅರ್ಧ ಗಂಟೆ ಕಾಯಬೇಕು. ಊದಿಕೊಂಡರೆ ಆ ಔಷಧಿ ಆ ರೋಗಿಗೆ ವಿಷ.

ಆ ಮಧ್ಯಾಹ್ನ ತಾಯಿ, "ಬಸ್ಸು ಹೋಗ್ಬಿಡ್ತದೆ ಸಿಸ್ಟರಮ್ಮ, ಇಷ್ಟು ಸಲ ಏನೂ ಆಗಿಲ್ವಲ್ಲ" ಎಂದಳು. ನನಗೂ ಹೌದೆನ್ನಿಸಿತು. ಕೆಲಸ ಮಾಡುವ ಮುಂಚೆಯೇ ರೋಗಿಯ ಹಾಳೆ ತುಂಬುವ ಕಳ್ಳಬುದ್ಧಿ ನಮ್ಮಲ್ಲಿ ಬಹಳ ಜನಕ್ಕಿದೆ. 'ಟೆಸ್ಟ್ ಮಾಡಿದೆ, ತೊಂದರೆಯಿಲ್ಲ' ಎಂದು ಬರೆದು, ಪೂರ್ತಿ ಡೋಸಿನ ಸಿರಿಂಜ್ ಎತ್ತಿಕೊಂಡೆ.

ಪಕ್ಕದ ಮಂಚದಲ್ಲಿ ಹೋಳೂರಿನ ತಾತ ಮಲಗಿದ್ದರು. ಲಕ್ವ ಹೊಡೆದು ಅವರ ಮಾತು ನಿಂತು ಎರಡು ವರ್ಷವಾಗಿತ್ತು. ಅವರು ಸ್ಪಷ್ಟವಾಗಿ ಹೇಳಿದರು:

"ನಿಲ್ಲಮ್ಮ. ಯುದ್ಧದಲ್ಲಿ ಈ ಪೆನಿಸಿಲಿನ್ ಮಂದು ಸಿಗ್ತಾನೇ ಇರ್ಲಿಲ್ಲ. ಒಬ್ಬನ ಉಚ್ಚೆಯಿಂದ ತೆಗೆದು ಇನ್ನೊಬ್ಬನಿಗೆ ಕೊಡ್ತಾರೆ ಅನ್ನೋರು. ಸಿಕ್ಕಿತಲ್ಲ ಅಂತ ಆತುರಪಟ್ಟು ಚುಚ್ಚಿದೆ. ಸಿಪಾಯಿ ನನ್ನ ಕೈಯಲ್ಲೇ ಹೋದ."

ಹೆದರಿ ಸಿರಿಂಜ್ ಕೆಳಗಿಟ್ಟೆ. ಟೆಸ್ಟ್ ಮಾಡಿದೆ. ಹತ್ತೇ ನಿಮಿಷದಲ್ಲಿ ದದ್ದು ಗೆರೆ ದಾಟಿ ತೋಳೆಲ್ಲ ಕೆಂಪಗಾಯಿತು.

ತಾಯಿಗೆ ಯಾವ ಮಾತೂ ಕೇಳಿಸಿರಲಿಲ್ಲ. ತಾತನಿಗೆ ಗಂಜಿ ಕುಡಿಸುತ್ತಿದ್ದ ಅವರ ಮಗಳನ್ನು, ಈಗ ತಾತ ಮಾತಾಡಿದರಲ್ಲ ಎಂದು ಕೇಳಿದೆ. "ನಮ್ಮಪ್ಪ ಮಾತಾಡಿದ್ರೆ ಊರಿಗೆಲ್ಲ ಸಕ್ಕರೆ ಹಂಚ್ತಿದ್ದೆ ಸಿಸ್ಟರ್" ಎಂದಳು. ಯುದ್ಧಕ್ಕೆ ಹೋಗಿದ್ದರಾ ಎಂದೆ. "ಬರ್ಮಾದಲ್ಲಿ ಮಿಲಿಟರಿ ಆಸ್ಪತ್ರೆ ಕೆಲಸದಲ್ಲಿದ್ರಂತೆ. ಮನೇಲಿ ಅದರ ಮಾತೇ ಎತ್ತಿದೋರಲ್ಲ. ನಿಮಗ್ಯಾರು ಹೇಳಿದ್ರು?"

ಉಚ್ಚೆಯ ಮಾತು ಶುದ್ಧ ಹುಚ್ಚೆಂದುಕೊಂಡಿದ್ದೆ. ಆ ಕಾಲದಲ್ಲಿ ಪೆನಿಸಿಲಿನ್ ಅಷ್ಟು ದುರ್ಲಭವಾಗಿತ್ತು, ನಿಜವಾಗಿ ಹಾಗೆ ತೆಗೆಯುತ್ತಿದ್ದರು ಎಂದು ಬಹಳ ಕಾಲದ ಮೇಲೆ ಓದಿದೆ. ನನಗೇ ಗೊತ್ತಿಲ್ಲದ್ದನ್ನು ನನ್ನ ಮನಸ್ಸು ಕಲ್ಪಿಸಿದ್ದು ಹೇಗೆ?

ಹಾಳೆಯ ಸಾಲು ಹೊಡೆದುಹಾಕಿ ಬೇರೆ ಬರೆದೆ. ಡಾಕ್ಟರು ನನ್ನ ಎಚ್ಚರವನ್ನು ಹೊಗಳಿದರು, ತಾಯಿ ಕಾಲಿಗೆ ಬಿದ್ದಳು. ನಾನು ಬೇಡವೆನ್ನಲಿಲ್ಲ. ಆ ನಾಚಿಕೆ ಇನ್ನೂ ಇದೆ.

ತಾತ ಮಾತಾಡಲೇ ಇಲ್ಲ ಎನ್ನುತ್ತಾರೆ ಎಲ್ಲರೂ. ಆಗಲಿ. ಆದರೆ ಅಂದು ಸಿರಿಂಜ್ ಹಿಡಿದ ನನ್ನ ಕೈ ತಾನಾಗಿ ನಿಲ್ಲುವಂಥದ್ದಾಗಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತು.