ಕೊನೆಯ ಮೂವತ್ತು ಪುಟ

ಹೊಸ ಪುಸ್ತಕಗಳ ಪೆಟ್ಟಿಗೆ ಬಿಚ್ಚಿದಾಗ ಬರುವ ಅಂಟಿನ ವಾಸನೆ ನನಗೆ ಶೀಳನೆರೆಯ ಒಂದು ಬಾವಿಯನ್ನು ನೆನಪಿಗೆ ತರುತ್ತದೆ ಎಂದರೆ ನೀವು ನಗಬಹುದು. ನಗಿ, ತೊಂದರೆಯಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅಂಥದೊಂದು ಪೆಟ್ಟಿಗೆ ಬಿಚ್ಚಿದೆವು. ನಾನು ಮೂಗೊಡ್ಡಿಕೊಂಡು ಸುಮ್ಮನೆ ನಿಂತಿದ್ದನ್ನು ಕಂಡು, ಹೊಸದಾಗಿ ಬಂದಿರುವ ವಿಜ್ಞಾನದ ಮೇಷ್ಟ್ರು "ನೆಗಡಿನಾ ಮೇಡಂ?" ಎಂದರು. ಅವರಿಗೆ ಹೇಳದೆ ಬಿಟ್ಟಿದ್ದನ್ನು ನಿಮಗೆ ಹೇಳುತ್ತೇನೆ.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ವಾಸ ಶ್ರೀರಂಗಪಟ್ಟಣದಲ್ಲಿ, ಅವ್ವನ ಜೊತೆ. ಏಳು ವರ್ಷದ ಹಿಂದೆ ಹೆಡ್ಮಾಸ್ಟರು ಇಂಥದೇ ಒಂದು ಪೆಟ್ಟಿಗೆಯನ್ನು ನನ್ನ ಮುಂದೆ ತಂದಿಟ್ಟರು. ಒಳಗೆ ಹನ್ನೊಂದು ಕಾದಂಬರಿಗಳು. ಎಲ್ಲವೂ ಹದಿಹರೆಯದವರಿಗಾಗಿ ಬರೆದವು, ಎಲ್ಲಕ್ಕೂ ಒಂದಲ್ಲ ಒಂದು ಪ್ರಶಸ್ತಿ ಬಂದಿತ್ತು. ಕೆಲವು ಕನ್ನಡದವು, ಕೆಲವು ಬೇರೆ ಭಾಷೆಗಳಿಂದ ಬಂದವು. "ಓದಿ ನೋಡಿ ಮೇಡಂ. ಯಾವುದು ಮಕ್ಕಳ ಕೈಗೆ ಕೊಡಬಹುದು, ಯಾವುದು ಬೇಡ, ಒಂದೊಂದು ಚೀಟಿ ಬರೆದು ಒಳಗಿಡಿ" ಎಂದರು.

ನನಗಾಗ ನಲವತ್ತಾರು. ಆ ವಯಸ್ಸಿನ ಕನ್ನಡ ಮೇಡಮ್ಮಿನ ಕೈಗೆ ಚೀಟಿ ಬರೆಯುವ ಅಧಿಕಾರ ಬಂದರೆ ಕೇಳಬೇಕೆ? ಅವತ್ತೇ ಒಂದು ಹೊಸ ಕೆಂಪು ಪೆನ್ನು ಕೊಂಡೆ. ಮಕ್ಕಳ ಪುಸ್ತಕ ತಾನೇ, ಬಸ್ಸಿನಲ್ಲೇ ಓದಿ ಮುಗಿಸಿದರಾಯಿತು ಅಂದುಕೊಂಡೆ.

ಮೊದಲನೆಯದರಲ್ಲಿ ಒಬ್ಬ ಹುಡುಗ, ಅವನದೊಂದು ಕುಂಟು ನಾಯಿ. ಮೂರನೆಯ ದಿನ ಬಸ್ಸು ಕಿರಂಗೂರು ದಾಟುವ ಹೊತ್ತಿಗೆ ನಾಯಿ ಸತ್ತಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದೆ. ದಿನಾ ನೋಡುವ ಕಂಡಕ್ಟರು ಗಾಬರಿಯಾಗಿ ಹತ್ತಿರ ಬಂದ.

"ಯಾಕ್ ಮೇಡಮ್ಮೋರೆ, ಮನೇಲಿ ಏನಾರ ಆಯ್ತಾ?"

"ನಾಯಿ ಸತ್ತೋಯ್ತು ಕಣಪ್ಪ."

"ಅಯ್ಯೋ, ಯಾವಾಗ?"

"ಈಗಷ್ಟೇ. ನೂರಾ ಹನ್ನೆರಡನೇ ಪುಟದಲ್ಲಿ."

ಅವನು ನನ್ನನ್ನೂ ಪುಸ್ತಕವನ್ನೂ ಒಂದು ಸಲ ನೋಡಿ, "ಇನ್ನೂ ಸ್ಯಾನೆ ಪುಟ ಅವೆ, ಎದ್ದಾದ್ರೂ ಬತ್ತದೇನೋ ನೋಡಿ" ಎಂದು ಮುಂದೆ ಹೋದ.

ಎದ್ದು ಬರಲಿಲ್ಲ. ಎರಡನೆಯ ಪುಸ್ತಕದಲ್ಲಿ ಅಜ್ಜ ಹೋದರು, ಮೂರನೆಯದರಲ್ಲಿ ಜೀವದ ಗೆಳತಿ. ಪ್ರಶಸ್ತಿ ಕೊಡುವವರು ಹೆಣ ಎಣಿಸಿ ಕೊಡುತ್ತಾರೇನೋ ಎಂದು ಸಿಟ್ಟು ಬಂತು. ಆದರೆ ನಾಲ್ಕನೆಯದು ಎಷ್ಟು ನಗಿಸಿತೆಂದರೆ, ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಹೆಂಗಸು "ನಮ್ಗೂ ಒಸಿ ಹೇಳ್ರವ್ವ" ಎಂದಳು. ಅದೇನು ಮೋಡಿಯೋ ಕಾಣೆ. ಓದುತ್ತಾ ಓದುತ್ತಾ ನನಗೆ ಒಂದು ವಿಷಯ ಹೊಳೆಯಿತು. ಚಿಕ್ಕವಳಿದ್ದಾಗ ನಾನು ರಾಜಕುಮಾರಿಯರ ಕಥೆಯಿಂದ ನೇರವಾಗಿ ವಾರಪತ್ರಿಕೆಯ ಅತ್ತೆ ಸೊಸೆಯರ ಧಾರಾವಾಹಿಗೆ ಜಿಗಿದಿದ್ದೆ. ನಡುವಿನ ಮೆಟ್ಟಿಲೇ ಇರಲಿಲ್ಲ. ಹದಿನಾಲ್ಕರ ಹುಡುಗಿಗೂ ಅವಳದೇ ಒಂದು ಕಥೆ ಇರುತ್ತದೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಹೊಳೆದರೂ ಕೆಂಪು ಪೆನ್ನು ಮಾತ್ರ ಮೊಂಡಾಗಲಿಲ್ಲ. ಏಳನೆಯ ಪುಸ್ತಕದಲ್ಲಿ ಒಬ್ಬ ಹುಡುಗಿ, ಟ್ಯೂಷನ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊಳೆಗೆ ಹೋಗಿ ಈಜು ಕಲಿಯುತ್ತಾಳೆ. ಒಂದು ಸುಳ್ಳಲ್ಲ, ಎರಡಲ್ಲ, ಪುಟಪುಟಕ್ಕೂ ಸುಳ್ಳು. ನನಗೆ ರೇಗಿಹೋಯಿತು. ಇನ್ನೂ ಮೂವತ್ತು ಪುಟ ಉಳಿದಿರುವಾಗಲೇ ಮುಚ್ಚಿಟ್ಟು ಚೀಟಿ ಬರೆದೆ: "ಸುಳ್ಳು ಹೇಳುವುದನ್ನು ಪ್ರೋತ್ಸಾಹಿಸುತ್ತದೆ. ಬೇಡ."

ಎರಡು ದಿನ ಕಳೆದ ಮೇಲೆ ಒಂಬತ್ತನೆಯ ತರಗತಿಯ ಮಂಜುಳ ಆ ಪುಸ್ತಕ ಹಿಡಿದುಕೊಂಡು ಬಂದಳು. ಲೈಬ್ರರಿ ಬೀರು ಜೋಡಿಸುವ ಕೆಲಸ ಅವಳದು. ಜೋಡಿಸುವ ನೆಪದಲ್ಲಿ ಓದಿ ಮುಗಿಸಿಬಿಟ್ಟಿದ್ದಳು.

"ಮಿಸ್, ಈ ಚೀಟಿ ಬರ್ದಿರೋದು ನೀವಾ?"

"ಹೌದು, ಯಾಕೆ?"

"ಕೊನೇಗಂಟ ಓದುದ್ರಾ ಮಿಸ್?"

"ಓದಿದೆ ಕಣಮ್ಮ" ಎಂದೆ.

"ಅಂಗಾರೆ ಹೇಳಿ. ಅವ್ರಮ್ಮ ಹೊಳೆ ತಾವ್ಕೆ ಬಂದ್ರಲ್ಲ, ಬಂದ್ಬುಟ್ಟು ಏನ್ ಮಾಡುದ್ರು?"

ಸುಳ್ಳು ಹೇಳಬಾರದೆಂದು ಕೆಂಪು ಶಾಯಿಯಲ್ಲಿ ಬರೆದವಳು ನಾನು. ನನ್ನ ಕಿವಿ ಬಿಸಿಯಾಗುವುದು ನನಗೇ ಗೊತ್ತಾಗುತ್ತಿತ್ತು. "ಇಲ್ಲ ಮಂಜುಳ, ಓದಿಲ್ಲ. ಇವತ್ತು ಓದ್ತೀನಿ" ಎಂದೆ. ಅವಳು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಓದಿ ಮಿಸ್, ಸಂದಾಗದೆ" ಎಂದು ಹೇಳಿ ಹೋದಳು.

ಆ ಸಂಜೆ ಬಸ್ಸಿನಲ್ಲಿ ಓದಿದೆ. ವಿಷಯ ತಿಳಿದ ತಾಯಿ ಹೊಳೆಗೆ ಬರುತ್ತಾಳೆ. ನಡುನೀರಿನಲ್ಲಿರುವ ಹುಡುಗಿ ಅವಳನ್ನು ಕಂಡು ಹೆದರುತ್ತಾಳೆ. ತಾಯಿ ಕೂಗುವುದಿಲ್ಲ, ಬಯ್ಯುವುದಿಲ್ಲ. ಬಂಡೆಯ ಮೇಲೆ ಬಿದ್ದಿದ್ದ ಮಗಳ ಒಣಬಟ್ಟೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ಅವಳು ದಡ ಮುಟ್ಟುವವರೆಗೂ ಕಾಯುತ್ತಾ ಕೂರುತ್ತಾಳೆ. ಅಷ್ಟೇ.

ಅಷ್ಟಕ್ಕೇ ನನಗೆ ನಮ್ಮೂರ ನಾಲೆ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ಕಿರಂಗೂರಿನಲ್ಲಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಊರ ಪಕ್ಕದ ನಾಲೆಯಲ್ಲಿ ಅರ್ಧ ಈಜು ಕಲಿತಿದ್ದೆ. ಹದಿಮೂರು ತುಂಬಿದ ವರ್ಷ ಅವ್ವ ಬುರುಡೆಯನ್ನು ಅಟ್ಟಕ್ಕೆ ಎಸೆದು, "ದೊಡ್ಡೋಳಾದೆ, ಇನ್ ನೀರ್ಗೀರು ಅಂದ್ರೆ ಕಾಲ್ ಮುರೀತೀನಿ" ಅಂದಿದ್ದಳು. ಆಗ ಬರಬೇಕಾಗಿದ್ದ ಸಿಟ್ಟು ಮೂವತ್ಮೂರು ವರ್ಷ ತಡವಾಗಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಬಂತು.

ಅವ್ವನಿಗೆ ಸಣ್ಣಕ್ಷರ ಕಾಣುವುದಿಲ್ಲ. ಆ ಪುಸ್ತಕವನ್ನು ನಾನೇ ಓದಿ ಹೇಳಿದೆ, ನಾಲ್ಕು ಸಂಜೆ. ಪ್ರೀತಿಯಿಂದಲ್ಲ, ಅವಳಿಗೆ ಚುಚ್ಚಲಿ ಎಂದೇ ಓದಿದೆ. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅವ್ವ ಅವರೆಕಾಯಿ ಸುಲಿಯುತ್ತಾ ಕೇಳಿದಳು. ತಾಯಿ ಬಟ್ಟೆ ಮಡಚುವಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ಆ ತಾಯ್ಗೆ ಬಂದ್ ಬುದ್ಧಿ ನಂಗ್ ಬರ್ನಿಲ್ಲ ಕಣ್ ಮಗ" ಎಂದಳು.

ಚುಚ್ಚಲು ಹೊರಟಿದ್ದ ನಾನು ಪುಸ್ತಕ ಕೆಳಗಿಟ್ಟೆ.

"ನಂಗೂವೆ ಈಜು ಬತ್ತಿತ್ತು. ಶೀಳನೆರೆ ಬಾವಿಲಿ ನಿಮ್ಮಾವನ್ಗೆ ಕಲಿಸ್ದೋಳೇ ನಾನು. ಮದ್ವೆ ಗೊತ್ತಾದ್ ದಿವ್ಸ ಬುಡುಸ್ಬುಟ್ರು. ಎಲ್ಲಾರ್ಗೂ ಅಂಗೇ ಅನ್ಕಂಡು ನಿಂಗೂ ಬುಡಿಸ್ದೆ." ಇನ್ನೊಂದು ಕಾಯಿ ಸುಲಿದು ಕೇಳಿದಳು: "ಭಾನ್ವಾರ ರಜ ಅಲ್ವಾ ನಿಂಗೆ?"

ಭಾನುವಾರ ಕೆ.ಆರ್. ಪೇಟೆಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವ್ವನ ತವರು ಶೀಳನೆರೆಯಲ್ಲಿ ಇಳಿದೆವು. ಸೋದರಮಾವ ತೋಟದಲ್ಲಿದ್ದ. ಸಂಗತಿ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಏನಕ್ಕಯ್ಯ, ಈ ವಯಸ್ನಲ್ಲಿ ಮಗಳ್ಗೆ ಈಜು ಕಲಿಸ್ತಿಯಾ? ಊರೋರು ನಗಾಕಿಲ್ವಾ?"

"ನಗ್ಲಿ ಬುಡು. ಅವ್ರಿಗೂ ನಗಾಕೆ ಏನಾರ ಬೇಕಲ್ಲ" ಎಂದಳು ಅವ್ವ.

ಆ ವರ್ಷ ಮಳೆ ಚೆನ್ನಾಗಿತ್ತು. ಬಾವಿಯ ಅರ್ಧ ಮೆಟ್ಟಿಲು ನೀರಿನೊಳಗೇ ಇದ್ದವು. ಹಳೆಯ ಚೂಡಿದಾರ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ತುದಿಯನ್ನು ಮಾವನ ಕೈಗೆ ಕೊಟ್ಟು ಇಳಿದೆ. ಶಾಲೆಯಲ್ಲಿ ಇನ್ನೂರು ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವ ನಾನು ಮೊಣಕಾಲು ನೀರಿಗೇ "ಅವ್ವಾ" ಎಂದು ಕಿರುಚಿದೆ.

"ನೀರ್ ಜತೆ ಜಗಳಾಡ್ಬ್ಯಾಡ. ಒರಗ್ಕೋ. ಕಾಲ್ ಬಡಿ!" ಅವ್ವ ಮೆಟ್ಟಿಲ ಮೇಲೆ ಕೂತು ಕೂಗುತ್ತಿದ್ದಳು. ಕುಡಿದೆ, ಕೆಮ್ಮಿದೆ, ಮುಳುಗಿದೆ, ಮಾವ ಎಳೆದ. ಐದನೆಯ ಸಲವೋ ಆರನೆಯ ಸಲವೋ, ಹಗ್ಗ ಸಡಿಲವಾಗಿದೆ ಅನ್ನಿಸಿತು. ಮೈ ತಾನಾಗಿ ತೇಲುತ್ತಿತ್ತು. ನಾಲ್ಕು ಬಾರಿ ಕೈ ಬೀಸಿ ಎದುರು ಗೋಡೆಯ ಕಲ್ಲು ಹಿಡಿದೆ. ತಿರುಗಿ ನೋಡಿದರೆ ಅವ್ವ ಮೆಟ್ಟಿಲ ಮೇಲಿಲ್ಲ.

ಎಪ್ಪತ್ತರ ನನ್ನವ್ವ ಸೀರೆಯನ್ನು ಕಚ್ಚೆ ಹಾಕಿಕೊಂಡು, ಸದ್ದಿಲ್ಲದೆ ನೀರಿಗಿಳಿದು, ಕತ್ತೆತ್ತಿಕೊಂಡು ನನ್ನ ಕಡೆಗೆ ಈಜಿ ಬರುತ್ತಿದ್ದಳು. "ಅಕ್ಕಯ್ಯಾ!" ಎಂದು ಮಾವ ಅರಚಿದ. ಅವಳು ಬಂದು ನನ್ನ ಪಕ್ಕದ ಕಲ್ಲು ಹಿಡಿದು, ಏದುಸಿರು ಬಿಡುತ್ತಾ, ಹಲ್ಲಿಲ್ಲದ ಕಡೆಯೆಲ್ಲ ಕಾಣುವ ಹಾಗೆ ನಕ್ಕಳು. ಇಂಥ ದೃಶ್ಯವನ್ನು ಪುಸ್ತಕದಲ್ಲಿ ಓದಿದ್ದರೆ "ಉತ್ಪ್ರೇಕ್ಷೆ" ಎಂದು ಕೆಂಪಿನಲ್ಲಿ ಬರೆದಿರುತ್ತಿದ್ದೆ. ಅವತ್ತು ಅವಳ ಒದ್ದೆ ಕೆನ್ನೆಗೆ ನನ್ನ ಒದ್ದೆ ಕೆನ್ನೆ ಒತ್ತಿದೆ.

ಸೋಮವಾರ ಆ ಚೀಟಿ ಹರಿದೆ. ಮಂಜುಳಳನ್ನು ಕರೆದು ಹೊಸ ಚೀಟಿಯನ್ನು ನೀನೇ ಬರಿ ಎಂದೆ. ಅವಳು ದುಂಡಗೆ ಬರೆದಳು: "ಅಮ್ಮಂದಿರಿಗೂ ಕೊಡಿ." ಆ ಪುಸ್ತಕ ಎಷ್ಟು ಮನೆಗೆ ಹೋಗಿ ಬಂತೆಂದರೆ, ಎರಡು ಸಲ ಬೈಂಡ್ ಮಾಡಿಸಬೇಕಾಯಿತು.

ಈಗ ಅವ್ವನಿಗೆ ಎಪ್ಪತ್ತೇಳು. ಬಾವಿಗೆ ಇಳಿಯುವ ಶಕ್ತಿಯಿಲ್ಲ, ಕಥೆ ಕೇಳುವ ಚಟ ಹೆಚ್ಚಿದೆ. ಇವತ್ತು ತಂದ ಪುಸ್ತಕದಲ್ಲಿ ಹದಿನೈದರ ಹುಡುಗಿಯೊಬ್ಬಳು ಟ್ರಾಕ್ಟರು ಓಡಿಸಲು ಹಟ ಹಿಡಿದಿದ್ದಾಳೆ. ಸಂಜೆ ಎರಡು ಅಧ್ಯಾಯ ಓದಿದ್ದೆನಷ್ಟೆ, ಅವ್ವ ಕೈಯೆತ್ತಿ ನಿಲ್ಲಿಸಿದಳು.

"ನಿಂಗೆ ಬತ್ತದಾ ಅದು?"

"ಯಾವುದವ್ವ?"

"ಟ್ರಾಕ್ಟ್ರು."

"ಎಲ್ಲಿ ಬತ್ತದೆ? ನಂಗೀಗ ಐವತ್ಮೂರು."

ಅವ್ವ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ಅಳತೆ ಮಾಡಿದಂತೆ ನೋಡಿದಳು. "ನಿಮ್ಮಾವಂದು ಈಗ್ಲೂ ಓಡ್ತದಾ, ಫೋನ್ ಮಾಡಿ ಕೇಳು" ಎಂದು ಹೇಳಿ, ಓದು ಎಂಬಂತೆ ಗಲ್ಲದಿಂದ ಪುಸ್ತಕದ ಕಡೆ ಸನ್ನೆ ಮಾಡಿದಳು.