ಬೂದಿ ಹಚ್ಚಿ ಉಜ್ಜಿದ ಗಾಜು

ಮಾತೆ ಮರಿಯಮ್ಮನ ಮುಖ ಅಳಿಸಿದವಳು ನಾನು. ಒಲೆಯ ಬೂದಿ ಹಚ್ಚಿ, ಮನೆಯ ಲಾಟೀನಿನ ಗಾಜು ಉಜ್ಜುವ ಹಾಗೆ ಉಜ್ಜಿ ಅಳಿಸಿದೆ. ತಿಳಿಯದೆ ಮಾಡಿದ್ದು, ಅದು ಹಾಗಿರಲಿ. ಆಮೇಲೆ ಮಾಡಿದ್ದನ್ನು ತಿಳಿದೇ ಮಾಡಿದೆ. ಚೌರಮ್ಮ ಎಂಬ ಹೆಂಗಸು, ಮಾತೆ ತನ್ನ ಮೇಲಿನ ಕೋಪಕ್ಕೆ ಮುಖ ಮರೆಸಿಕೊಂಡಳು ಎಂದು ನಂಬಿದಳು. ನಂಬಲಿ ಅಂತ ಬಿಟ್ಟೆ — ಬಿಟ್ಟೆ ಅಂದರೂ ಸುಳ್ಳಾಗುತ್ತದೆ, ಆ ನಂಬಿಕೆಯ ಬುಡಕ್ಕೆ ನಾನೇ ನೀರು ಹೊಯ್ದೆ.

ಹುಲ್ಲಹಳ್ಳಿ ಕಡೆಯಿಂದ ತಿ. ನರಸೀಪುರದ ಆಚೆಯ ಒಂದು ಊರಿಗೆ ನನ್ನನ್ನು ಕೊಟ್ಟಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಓದಿದರೆ ಅವರಿಗೇ ಗೊತ್ತಾಗುತ್ತದೆ. ಅರ್ಧ ಊರು ನಮ್ಮಂಥವರದು, ಅರ್ಧ ಕ್ರೈಸ್ತರದು. ನಾನು ಚರ್ಚಿನ ತೋಟದಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದೆ. ಆ ಕೆಲಸ ಕೊಡಿಸಿದವಳು ಚೌರಮ್ಮ. ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಅನ್ನುತ್ತಿದ್ದೆ. ನಾನು ತಿರುವಿದ ಮುದ್ದೆಯೆಲ್ಲ ಗಂಟಾಗಿ ಅತ್ತೆಯ ಕೈಯಲ್ಲಿ ಏಟು ತಿನ್ನುತ್ತಿದ್ದ ಕಾಲ ಅದು. ಚೌರಮ್ಮ ತನ್ನ ಮನೆಗೆ ಕರೆದುಕೊಂಡು ಹೋಗಿ, ಕೋಲು ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಕಲಿಸಿದಳು.

"ಇದೇನವ್ವ, ಮುದ್ದೆಯೋ ಗೋಲಿ ಮೂಟೆಯೋ? ನಿನ್ ಗಂಡುಂಗೆ ಅಲ್ಲು ಗಟ್ಟಿಗವೆ ಬುಡು."

ಹಾಗೆ ನಗಿಸುತ್ತಿದ್ದವಳು ಮೊದಲ ಮಗು ಸತ್ತ ಮೇಲೆ ನಗುವುದನ್ನು ಬಿಟ್ಟಳು. ಹೆಣ್ಣುಮಗು, ಇನ್ನೂ ನಡೆಯಲು ಕಲಿತಿರಲಿಲ್ಲ. ಜ್ವರ. ಮಣ್ಣು ಮಾಡಿ ಬಂದವಳು ನೇರ ಚರ್ಚಿನೊಳಕ್ಕೆ ಹೋಗಿ, ಮಾತೆಯ ಪ್ರತಿಮೆಯ ಮುಂದೆ ನಿಂತು ಏನೋ ಅಂದುಬಿಟ್ಟಳಂತೆ. ಏನಂದಳು ಅನ್ನುವುದನ್ನು ಗಂಡನಿಗೆ ಹೇಳಲಿಲ್ಲ, ಚರ್ಚಿನ ಸ್ವಾಮಿಗಳ ಹತ್ತಿರ ಪಾಪನಿವೇದನೆಯಲ್ಲೂ ಹೇಳಲಿಲ್ಲ. ಬದನೆ ಪಾತಿಯಲ್ಲಿ ಕಳೆ ಕೀಳುತ್ತಾ ನನಗೆ ಹೇಳಿದಳು.

"'ನೀನೂ ಒಬ್ಳು ತಾಯಿಯಾ? ಇನ್ನು ನನ್ ಜನ್ಮದಲ್ಲಿ ನಿನ್ ಮೊಕ ನಂಗೆ ತೋರುಸ್ಬ್ಯಾಡ' ಅಂದ್ಬುಟ್ಟೆ ಕಣವ್ವ. ಅನ್ಬಾರ್ದಾಗಿತ್ತು, ಅಲ್ವಾ?"

ಸಂಕಟಕ್ಕೆ ಬಂದ ಮಾತು, ದೇವರೇನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾಳಾ ಅಂತ ಸಮಾಧಾನ ಹೇಳಿದೆ. ಆ ದಿನ ನಾನು ಆಡಿದ್ದು ಸರಿಯಾದ ಮಾತು. ಅದನ್ನೇ ಆಮೇಲೂ ಆಡಿದ್ದರೆ —

ಆ ಚರ್ಚಿನ ಹಬ್ಬದಲ್ಲಿ ಸಂಜೆ ಜಪಮಾಲೆಯ ಮೆರವಣಿಗೆ. ಅದಕ್ಕೆ ಗಾಜಿನ ಗೂಡುದೀಪಗಳು. ಹಡಗಿನ ಹಾಗೆ ಒಂದು, ನಕ್ಷತ್ರದ ಹಾಗೆ ಒಂದು, ಪುಟ್ಟ ಗುಡಿಯ ಹಾಗೆ ಒಂದು. ತಗಡಿನ ಚೌಕಟ್ಟಿಗೆ ಬಣ್ಣದ ಗಾಜು ಕೂರಿಸಿ, ಒಳಗೆ ಸೀಮೆಎಣ್ಣೆ ದೀಪ ಇಟ್ಟು, ಬೊಂಬಿನ ಮೇಲೆ ಗಂಡಸರು ಹೊರುತ್ತಿದ್ದರು. ಎಲ್ಲಕ್ಕಿಂತ ಮುಂದೆ ಹೋಗುವುದು ಮಾತೆಯ ಗೂಡು. ಅದರ ಮುಂದಿನ ಗಾಜಿನಲ್ಲಿ ಮಗುವನ್ನು ಎತ್ತಿಕೊಂಡ ಮಾತೆ; ಮಗು ಕೈಚಾಚಿ ಅವಳ ಕೆನ್ನೆ ಮುಟ್ಟುತ್ತಿತ್ತು. ಹಬ್ಬಕ್ಕೆ ಮುಂಚೆ ಅದನ್ನು ಚೊಕ್ಕಟ ಮಾಡುವುದು ಚೌರಮ್ಮನ ಮನೆಯ ಹೆಂಗಸರ ಹಕ್ಕು, ಅತ್ತೆಯಿಂದ ಸೊಸೆಗೆ ಬಂದದ್ದು. ಬೇರೆಯವರು ಕೈ ಹಾಕುವಂತಿರಲಿಲ್ಲ.

ಆ ವರ್ಷ ಚೌರಮ್ಮನ ಮೈಯಲ್ಲಿ ಶಕ್ತಿ ಇರಲಿಲ್ಲ. ನೀರು ಹೊತ್ತುಕೊಡಲು ನನ್ನನ್ನು ಕರೆದಳು. ಚರ್ಚಿನ ಹಿಂದೆ, ಕಾಲುವೆಯ ಪಕ್ಕದ ಚಪ್ಪಡಿಯ ಮೇಲೆ ಗಾಜುಗಳನ್ನು ಬಿಚ್ಚಿ ಇಟ್ಟುಕೊಂಡು ಕೂತಿದ್ದೆವು. ಅಷ್ಟರಲ್ಲಿ ಸಿಸ್ಟರು ಪೀಠದ ಬಟ್ಟೆ ಇಸ್ತ್ರಿ ಮಾಡಲು ಅವಳನ್ನು ಕರೆದರು.

"ಒರಗಡೆ ಒದ್ದೆ ಬಟ್ಟೇಲಿ ಒರ್ಸು. ಒಳಗಡೆಗೆ ಮಾತ್ರ ಕೈ ಇಕ್ಬ್ಯಾಡ, ನಾನೇ ಬಂದು ಅತ್ತೀಲಿ ಒರುಸ್ತೀನಿ," ಅಂದು ಹೋದಳು.

ಒಳಮೈ ಪೂರ್ತಿ ಮಸಿ ಹಿಡಿದಿತ್ತು. ನನಗೆ ಏನನ್ನಿಸಿತು ಅಂದರೆ — ಪಾಪ, ಇವಳಿಗೆ ಕೈಲಾಗುವುದಿಲ್ಲ, ಅದಕ್ಕೇ ಹತ್ತಿಯಲ್ಲಿ ತಟ್ಟಿ ಬಿಡುತ್ತಾಳೆ, ನಾನು ಥಳಥಳ ಮಾಡಿ ಇಟ್ಟರೆ ಖುಷಿಯಾಗುತ್ತಾಳೆ. ಲಾಟೀನಿನ ಗಾಜು ಬೆಳಗುವುದರಲ್ಲಿ ನಮ್ಮ ಮನೆಯಲ್ಲಿ ನನ್ನ ಕೈ ಮುಂದು. ಚರ್ಚಿನ ಅಡುಗೆಮನೆಯಿಂದ ಬೂದಿ ತಂದೆ, ಒದ್ದೆ ಬಟ್ಟೆಗೆ ಹಚ್ಚಿ ಉಜ್ಜಿದೆ. ಮೊದಲು ಕಪ್ಪು ಬಂತು. ಇನ್ನೂ ಉಜ್ಜಿದೆ. ಬಟ್ಟೆಗೆ ಗುಲಾಬಿ ಬಂತು.

ಚಿತ್ರವನ್ನು ಗಾಜಿನ ಒಳಮೈಗೆ ಬರೆದಿದ್ದರು. ಹಾಗೂ ಬರೆಯುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ತಿರುಗಿಸಿ ನೋಡಿದರೆ ಸೆರಗು ಇತ್ತು, ಮಗು ಇತ್ತು, ಮಗುವಿನ ಚಾಚಿದ ಕೈ ಇತ್ತು. ಕೈ ಮುಟ್ಟುತ್ತಿದ್ದ ಜಾಗದಲ್ಲಿ ಆಚೆ ಕಡೆಯ ಹುಲ್ಲು ಕಾಣುತ್ತಿತ್ತು.

ಕೂಗಬಹುದಾಗಿತ್ತು. ಅಕ್ಕಾ, ಹಿಂಗಾಗೋಯ್ತು ಅಂತ ಓಡಿ ಹೋಗಬಹುದಾಗಿತ್ತು. ನಾನು ಬಟ್ಟೆಯನ್ನು ಕಾಲುವೆಗೆ ಎಸೆದು, ಗಾಜನ್ನು ಚೌಕಟ್ಟಿಗೆ ಕೂರಿಸಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿದೆ. ಚೌರಮ್ಮ ಬಂದಾಗ, "ನೀನು ಹೋದ ಮೇಲೆ ನಿಮ್ಮ ಅತ್ತೆ ಬಂದಿತ್ತು, ಒಳಗಡೆ ಅದೇ ಒರೆಸಿಕೊಂಡು ಹೋಯಿತು" ಅಂದೆ. ಅತ್ತೆಗೆ ಆಗಲೇ ಅರುಳುಮರುಳು, ಕೇಳಿದರೂ ಹೂಂ ಅನ್ನುವ ಮುದುಕಿ. ಅಷ್ಟೆಲ್ಲ ಯೋಚಿಸಿ ಹೇಳಿದ ಸುಳ್ಳು ಅದು.

ಸಂಜೆ ದೀಪ ಹಚ್ಚಿದರು. ಎಲ್ಲ ಗೂಡುಗಳೂ ಕೆಂಪು ನೀಲಿ ಹೊಳೆದವು. ಮಾತೆಯ ಗೂಡಿನಲ್ಲಿ ಮುಖದ ಜಾಗದಿಂದ ಬರೀ ಬೆಳಕು ಬಂತು, ಕಣ್ಣಿಗೆ ಚುಚ್ಚುವಂಥ ಬಿಳಿ ಬೆಳಕು. ಜಪ ಹೇಳುತ್ತಿದ್ದವರ ಬಾಯಿ ನಿಂತಿತು. ಸ್ವಾಮಿಗಳು ಹತ್ತಿರ ಬಂದು ನೋಡಿ, "ಹಳೇ ಬಣ್ಣ, ಉದುರಿದೆ, ನಡೀರಿ" ಅಂದರು. ಗಂಡಸರು ನಡೆದರು. ಚೌರಮ್ಮ ನಡೆಯಲಿಲ್ಲ. ಜನ ಮುಂದೆ ಹೋದ ಮೇಲೆ ನನ್ನ ರಟ್ಟೆ ಹಿಡಿದುಕೊಂಡಳು.

"ನೀನೇನಾರ ಒಳಗಡೆ ಮುಟ್ಟಿದ್ಯಾ? ಮುಟ್ಟಿದ್ರೆ ಏಳ್ಬುಡವ್ವ, ನಾನೇನೂ ಅನ್ನಾಕಿಲ್ಲ."

"ಇಲ್ಲ ಕಣಕ್ಕ. ನಾನು ಮುಟ್ನಿಲ್ಲ."

"ಅಂಗಾರೆ... ನಮ್ಮತ್ತೆ ಅತ್ತೀಲೇ ಒರ್ಸೋದು, ಅದುಕ್ಕೆ ಬಣ್ಣ ಓಗಾಕಿಲ್ಲ. ನಾನಂದಿದ್ದು ಅವ್ಳಿಗೆ ಕೇಳುಸ್ಬುಡ್ತು. ಮೊಕ ತೋರುಸ್ಬ್ಯಾಡ ಅಂದ್ನಲ್ಲ."

ಆಗ ನಾನು ಸುಮ್ಮನಿದ್ದಿದ್ದರೂ ಇಷ್ಟು ಭಾರವಿರುತ್ತಿರಲಿಲ್ಲ. ಅನುಮಾನ ಪೂರ್ತಿ ನನ್ನ ಮೇಲಿಂದ ಹೋಗಲಿ ಅಂತ ಇನ್ನೂ ಒಂದು ಮಾತು ಸೇರಿಸಿದೆ.

"ಇರ್ಬೌದು ಕಣಕ್ಕ. ದೇವ್ರ ಮುಂದೆ ಆಡಿದ್ ಮಾತು ಸುಮ್ನೆ ಓಯ್ತದಾ?"

ಇಷ್ಟೇ. ಇದನ್ನು ಹೇಳಿಬಿಡಲು ಈ ವಯಸ್ಸು ಬೇಕಾಯಿತು.

ಆ ದಿನದಿಂದ ಚೌರಮ್ಮ ಚರ್ಚಿನ ಬಾಗಿಲು ದಾಟಲಿಲ್ಲ. ಭಾನುವಾರ ಬರುತ್ತಿದ್ದಳು, ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಮೆಟ್ಟಿಲ ಪಕ್ಕ ನಿಲ್ಲುತ್ತಿದ್ದಳು. ಬಿಸಿಲಾದರೂ ಅಲ್ಲೇ, ಮಳೆಯಾದರೂ ಅಲ್ಲೇ. ನಾನು ತೋಟದಿಂದ ನೋಡುತ್ತಿದ್ದೆ. ಒಮ್ಮೆ, "ಕ್ವಾಪ ಇಳಿದಿರ್ಬೌದಾ?" ಅಂತ ನನ್ನನ್ನೇ ಕೇಳಿದಳು — ನನ್ನನ್ನು! ಯಾರಿಗೆ ಗೊತ್ತು ಅಂದೆ. ಬೇರೆ ಧರ್ಮದವಳು ಮಾತೆಯ ಗೂಡು ಕೆಡಿಸಿದಳು ಅಂತಾದರೆ ಊರಲ್ಲಿ ಏನಾಗುತ್ತದೋ, ನನ್ನ ಕೂಲಿ, ಗಂಡನ ಅಣ್ಣತಮ್ಮಂದಿರ ಕೂಲಿ... ಇದು ಹೆದರಿಕೆ, ನಿಜ. ಆದರೆ ಹೆದರಿಕೆ ಎಷ್ಟು ದಿನ ಇದ್ದೀತು? ಗಂಡನಿಗೆ ನಂಜನಗೂಡಿನಲ್ಲಿ ಕೆಲಸ ಸಿಕ್ಕಿ ನಾವು ಊರು ಬಿಟ್ಟೆವು. ಆಮೇಲೆ ನನಗೆ ಯಾರ ಹೆದರಿಕೆ? ನಂಜನಗೂಡಿಗೂ ನರಸೀಪುರಕ್ಕೂ ಬೆಳಗಿಂದ ಸಂಜೆವರೆಗೆ ಬಸ್ಸು ಓಡಾಡುತ್ತದೆ. ಮದುವೆಗೆ ಹೋದೆ, ಸಾವಿಗೆ ಹೋದೆ, ಸಂಗಮದಲ್ಲಿ ಮುಳುಗಿ ಬಂದೆ. ಆ ಊರಿನ ಕಡೆ ಮಾತ್ರ ತಿರುಗಲಿಲ್ಲ.

ಹೋದ ತಿಂಗಳು ಮೊಮ್ಮಗಳು ಪವಿತ್ರ ತಿರುಗಿಸಿದಳು. ಅವಳು ನಂಜನಗೂಡಿನಲ್ಲಿ ಸ್ಕೂಲ್ ಟೀಚರು. ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದೆ, ಬಾರಜ್ಜಿ, ಸಂಗಮ ನೋಡಿಕೊಂಡು ಒಂದು ದೀಪದ ಮ್ಯೂಸಿಯಂ ನೋಡಿ ಬರೋಣ ಅಂದಳು. ಯಾವ ದೀಪ ಅಂತ ನಾನು ಕೇಳಲಿಲ್ಲ. ಬಸ್ಸು ಆ ಊರಿನ ಕಡೆ ತಿರುಗಿದಾಗಲೇ ಗೊತ್ತಾದದ್ದು.

ಚರ್ಚಿನವರು ಹಳೆಯ ಗೂಡುದೀಪಗಳ ತಗಡನ್ನೆಲ್ಲ ರಿಪೇರಿ ಮಾಡಿಸಿ, ಗಾಜಿನ ಚಿತ್ರಗಳನ್ನು ಇದ್ದ ಹಾಗೇ ಬಿಟ್ಟು, ಒಂದು ದೊಡ್ಡ ಕೋಣೆಯಲ್ಲಿ ಇಟ್ಟಿದ್ದಾರೆ. ಕಿಟಕಿಗಳಿಗೆ ಕಪ್ಪು ಪರದೆ. ಒಳಗೆ ಕರೆಂಟು ಬಲ್ಬು. ಐವತ್ತರ ಹತ್ತಿರದ ಒಬ್ಬ ಹೆಂಗಸು ಸ್ವಿಚ್ಚು ಒತ್ತುತ್ತಾ ಒಂದೊಂದನ್ನೇ ಹೊತ್ತಿಸಿ ತೋರಿಸುತ್ತಿದ್ದಳು. ಹಡಗು ಹೊತ್ತಿಕೊಂಡಿತು, ಮಕ್ಕಳು ಓ ಅಂದವು. ನಕ್ಷತ್ರ, ಓ. ಮಾತೆಯ ಗೂಡು ಹೊತ್ತಿಕೊಂಡಾಗ ಮಕ್ಕಳು ಹತ್ತಿರಕ್ಕೆ ನುಗ್ಗಿದವು. ಒಂದು ಹುಡುಗಿ ಕೇಳಿದಳು.

"ಮಿಸ್, ಪಾಪು ಯಾರುನ್ನ ಮುಟ್ತಾ ಅದೆ? ಅವ್ರಮ್ಮಂಗೆ ಮೊಕನೇ ಇಲ್ವಲ್ಲ!"

"ಅದು ಯಾಕೆ ಓಯ್ತು ಅಂತ ನಮ್ಮವ್ವಂಗೆ ಮಾತ್ರ ಗೊತ್ತಿತ್ತು ಕಣವ್ವ," ಅಂದಳು ಆ ಹೆಂಗಸು.

ಹುಬ್ಬು ನೋಡಿದೆ. ಚೌರಮ್ಮನ ಹುಬ್ಬು, ಮೂಗಿನ ಮೇಲೆ ಕೂಡಿಕೊಳ್ಳುವ ಹುಬ್ಬು. ಮಕ್ಕಳು ಹೊರಗೆ ಹೋಗುವವರೆಗೆ ಕಾದು, ನಾನು ಇಂಥವಳು, ತೋಟದ ಕೆಲಸಕ್ಕೆ ಬರುತ್ತಿದ್ದೆ ಅಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟಳು.

"ಚಿಕ್ಕವ್ವ! ಮುದ್ದೆ ಚಿಕ್ಕವ್ವ ಅಲ್ವಾ ನೀವು? ಅವ್ವ ಸಾಯೋಗಂಟ ನಿಮ್ಮನ್ನ ನೆನುಸ್ಕತಿತ್ತು. ನಾನು ಫಿಲೋಮಿನಾ, ನೀವು ಊರು ಬುಟ್ಮೇಲೆ ಉಟ್ಟಿದ್ದು."

ಚೌರಮ್ಮ ಹೋಗಿ ಒಂದು ವರ್ಷವೂ ಆಗಿಲ್ಲವಂತೆ. ಒಂದು ವರ್ಷ. ಫಿಲೋಮಿನಾ ಹೇಳುತ್ತಾ ಹೋದಳು — ತನಗೆ ಹೆಸರಿಟ್ಟ ಜ್ಞಾನಸ್ನಾನಕ್ಕೂ ಅವ್ವ ಒಳಗೆ ಬರಲಿಲ್ಲ, ಅವ್ವನ ತಾಯಿ ಎತ್ತಿಕೊಂಡಿದ್ದಳು. ಮದುವೆಗೂ ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗ, ಸ್ವಾಮಿಗಳು ಬಂದು ಮಾತೆಯ ಪಟ ಕಣ್ಣ ಮುಂದೆ ಹಿಡಿದರೆ ಕಣ್ಣು ಮುಚ್ಚಿಕೊಂಡಳಂತೆ.

"'ನಾನು ನೋಡ್ಬಾರ್ದು, ಅವ್ಳಿಗೆ ಇಷ್ಟ ಇಲ್ಲ' ಅಂತಿತ್ತು. ಅಂಗೇ ಕಣ್ ಮುಚ್ಕೊಂಡೇ ಓಯ್ತು, ಚಿಕ್ಕವ್ವ."

ಅಲ್ಲೇ ಹೇಳಿದೆ. ನಿಂತಲ್ಲೇ, ಆ ಗೂಡಿನ ಮುಂದೆ. ಬೂದಿ ತಂದದ್ದು, ಉಜ್ಜಿದ್ದು, ಬಟ್ಟೆ ಎಸೆದದ್ದು, ಚೌರಮ್ಮನ ಅತ್ತೆಯ ಮೇಲೆ ಹಾಕಿದ್ದು. ಇರಬಹುದು ಕಣಕ್ಕ ಅಂದದ್ದನ್ನೂ ಬಿಡಲಿಲ್ಲ. ಅವಳು ಹಿಡಿದಿದ್ದ ನನ್ನ ಕೈಗಳನ್ನು ಯಾವಾಗ ಬಿಟ್ಟಳೋ ಗೊತ್ತಾಗಲಿಲ್ಲ.

"ಬೂದೀಲಾ?" ಅಂದಳು.

"ಹೂಂ."

"ಬರೀ ಬೂದಿ."

"ಹೂಂ ಕಣವ್ವ."

ಅವಳು ಗಾಜಿನ ಹತ್ತಿರ ಹೋಗಿ ಆ ಖಾಲಿ ಜಾಗದ ಮೂಲಕ ಒಳಗಿನ ಬಲ್ಬನ್ನು ನೋಡಿದಳು. ಕಾಲಿಗೆ ಬೀಳಲೇ ಅನ್ನಿಸಿತು, ತಪ್ಪಾಯಿತು ಅಂತ ಬಾಯಿ ತೆರೆದೆ. ಅವಳು ತಿರುಗದೆಯೇ ಕೈ ಎತ್ತಿದಳು.

"ಕ್ಷಮ್ಸು ಅಂತ ಮಾತ್ರ ಕೇಳ್ಬ್ಯಾಡಿ ಅಮ್ಮ. ಕೇಳುದ್ರೆ ನಾನು ಕ್ಷಮುಸ್ಬೇಕಾಯ್ತದೆ. ತಪ್ಪು ಮಾಡ್ದೋರ್ನ ನಾವು ಕ್ಷಮುಸ್ತೀವಿ ಅಂತ ದಿನಾ ಜಪದಲ್ಲಿ ಏಳ್ಕತೀನಿ. ನಂಗೆ ಈಗ ಆಗಾಕಿಲ್ಲ."

ಅಮ್ಮ ಅಂದಳು. ಚಿಕ್ಕವ್ವ ಅನ್ನಲಿಲ್ಲ.

ಸ್ವಿಚ್ಚು ಆರಿಸಿದಳು. ಹೊರಗೆ ಪವಿತ್ರ ಮಕ್ಕಳನ್ನು ಸಾಲು ಮಾಡಿಸುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ, ಯಾಕಜ್ಜಿ ಮೈ ಹುಷಾರಿಲ್ವಾ ಅಂದಳು. ಅವಳಿಗೂ ಹೇಳಿದೆ. ಮನೆಗೆ ಬಂದು ಮಗಳಿಗೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ. ಚೌರಮ್ಮನ ಮಾತಿಗೆ ಮಾತೆ ಮುಖ ಮರೆಸಿಕೊಂಡಳು ಅಂತ ಆ ಊರಲ್ಲಿ ಇನ್ನೂ ಯಾರಾದರೂ ಅಂದುಕೊಂಡಿದ್ದರೆ, ಅದು ಸುಳ್ಳು. ಬೂದಿ ಅಷ್ಟೆ. ಇದನ್ನು ಹೇಳಬೇಕಾಗಿದ್ದ ಒಬ್ಬಳೇ ಒಬ್ಬಳು ಕಣ್ಣು ಮುಚ್ಚಿಕೊಂಡು ಹೋದಳು, ಮಿಕ್ಕವರಿಗೆಲ್ಲ ಹೇಳುತ್ತಾ ಕೂತಿದ್ದೇನೆ.

ನಂಜುಂಡೇಶ್ವರನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರೋಣ, ಮನಸ್ಸು ಹಗುರವಾಗುತ್ತದೆ ಅಂತ ಮಗಳು ಕರೆದಳು. ಬೇಡ ಅಂದೆ. ಫಿಲೋಮಿನಾ ಕ್ಷಮಿಸು ಅಂತ ಕೇಳಬೇಡಿ ಅಂದಿದ್ದಾಳೆ. ಅವಳನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಿ ಕೇಳುವುದು ಕಳ್ಳದಾರಿ.

ಯಾರನ್ನೂ ಕೇಳುವುದಿಲ್ಲ.