ಊರು ಇರುತ್ತದೋ, ಹೋಗುತ್ತದೋ

ಗದಗಿನ ಪ್ರವಾಸಿ ಮಂದಿರದ ವರಾಂಡದಲ್ಲಿ ನಾವು ಪತ್ರಕರ್ತರು ಬೆಳಗಿನಿಂದ ಕೂತಿದ್ದೆವು. ಒಳಗೆ ಬಾಗಿಲು ಹಾಕಿಕೊಂಡು ಮಾತುಕತೆ ನಡೆದಿತ್ತು. ಒಂದು ಕಡೆ ಜಿಲ್ಲೆಯ ನಾಯಕರೊಬ್ಬರು ಮತ್ತು ಅಧಿಕಾರಿಗಳು, ಇನ್ನೊಂದು ಕಡೆ ಮುಂಡರಗಿ ಕಡೆಯ ಹೊಳೆದಂಡೆಯ ಒಂದು ಹಳ್ಳಿಯ ಹಿರಿಯರು. ಅಣೆಕಟ್ಟಿನ ಹಿನ್ನೀರು ಹತ್ತಿರ ಬಂದಾಗಿನಿಂದ ಆ ಊರಿನ ಮನೆಗಳಿಗೆ ಬುಡದಿಂದ ತೇವ ಏರುತ್ತಿತ್ತು. ಊರನ್ನು ಎತ್ತರದ ಜಾಗಕ್ಕೆ ಸ್ಥಳಾಂತರ ಮಾಡುತ್ತೇವೆ ಎಂಬ ಮಾತಿನಲ್ಲೇ ಎಷ್ಟೋ ಮಳೆಗಾಲ ಕಳೆದಿದ್ದವು. ನನ್ನ ಅಕ್ಕನನ್ನು ಕೊಟ್ಟಿದ್ದು ಆ ಊರಿಗೆ.

ಊರಿನ ಹೋರಾಟ ಸಮಿತಿ ಒಂದು ಕಟ್ಟುಪಾಡು ಮಾಡಿತ್ತು. ಉತ್ತರ ಸಿಗುವ ತನಕ ಯಾರೂ ಗೋಡೆಗೆ ಒಂದು ಇಟ್ಟಂಗಿ ಇಡಬಾರದು, ಸುಣ್ಣ ಸಹ ಬಳಿಯಬಾರದು. ಸಾಹೇಬರು ಸರ್ವೆಗೆ ಬಂದಾಗ ಬಿದ್ದ ಗೋಡೆ ಬಿದ್ದ ಹಾಗೆಯೇ ಕಾಣಬೇಕು, ಇಲ್ಲದಿದ್ದರೆ ಇವರಿಗೇನು ತೊಂದರೆ ಎಂದು ಎದ್ದು ಹೋಗುತ್ತಾರೆ ಎಂಬುದು ಅವರ ಲೆಕ್ಕ. ಎಲ್ಲರೂ ಅದನ್ನು ಪಾಲಿಸಿದರು. ಅಕ್ಕನ ಮನೆಯ ನಡುವಿನ ಕೋಣೆಯ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಆ ಕೋಣೆಯಲ್ಲೇ ಅವಳ ಮಗಳ ಬಾಣಂತನ ಆಗಬೇಕಿತ್ತು. ಸೀಮಂತದ ಕುಬಸ ಮುಗಿಸಿ ಹುಡುಗಿಯನ್ನು ತವರಿಗೆ ಕರೆತಂದಾಗಿತ್ತು, ಮಳೆಗಾಲ ಎದುರಿಗಿತ್ತು.

ಅಂದು ಬೆಳಿಗ್ಗೆ ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ. "ನನಗ ಬ್ಯಾರೆ ಏನೂ ಬ್ಯಾಡ. ಊರು ಇರ್ತೈತೋ ಹೋಗ್ತೈತೋ, ಒಂದ ಮಾತು ಕೇಳ್ಕೊಂಡು ಬಾ. ಹೋಗ್ತೈತಿ ಅಂದ್ರ ಮುಂಡರಗ್ಯಾಗ ಒಂದು ಬಾಡಗಿ ಖೋಲಿ ನೋಡ್ತೀನಿ. ಇರ್ತೈತಿ ಅಂದ್ರ ಗ್ವಾಡಿ ಕಟ್ಟಾಕ ಗೌಂಡಿನ್ನ ಕರಸ್ತೀನಿ."

ಬಾಗಿಲು ತೆರೆಯಿತು. ಹಿರಿಯರು ಉತ್ತರ ಸಿಗದವರ ಹಾಗೆ ಯಾರ ಮುಖವನ್ನೂ ನೋಡದೆ ಚಪ್ಪಲಿ ಹುಡುಕಿಕೊಂಡರು. ನಾಯಕರು ನಗುನಗುತ್ತ ಬಂದು ಮೈಕುಗಳ ಮುಂದೆ ಕೂತರು.

"ಮಾತುಕತಿ ಭಾಳ ಛಲೋ ನಡದಾವ್ರೀ. ಎಲ್ಲಾರೂ ಮನಸ್ಸು ಬಿಚ್ಚಿ ಮಾತಾಡೇವಿ."

"ಊರು ಸ್ಥಳಾಂತರ ಆಗ್ತೈತೋ ಇಲ್ಲೋ?" ಎಂದೆ.

"ಅದನ್ನ ಎಲ್ಲಾ ಮಗ್ಗಲದಿಂದ ವಿಚಾರ ಮಾಡಾಕ ಹತ್ತೇವಿ."

"ವಿಚಾರ ಮಾಡಿ ಏನು ಅಂತ ಠರಾಯಿಸಿದ್ರಿ?"

"ನೋಡ ತಂಗಿ, ಜನರ ಹಿತಾನ ನಮಗ ಮುಖ್ಯ."

ಅಯ್ಯ, ಆ ತಂಗಿ ಎಂಬ ಮಾತು! ಉತ್ತರ ಇಲ್ಲದಾಗಲೆಲ್ಲ ಅವರಿಗೆ ನಾನು ತಂಗಿಯಾಗುತ್ತಿದ್ದೆ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಅವರು ಹುಲಕೋಟಿಯ ಸಹಕಾರ ಸಂಘಗಳ ಮಾತಾಡಿದರು, ಜೋಳದ ಬೆಳೆಯ ಮಾತಾಡಿದರು, ಹೊಳೆಯನ್ನು ತಾಯಿ ಎಂದರು. ಅಷ್ಟರಲ್ಲಿ ಅವರ ಕಡೆಯವರು ಮಿರ್ಚಿ ಭಜಿಯ ತಾಟು, ಚಹಾ ತಂದರು. ನಮ್ಮಲ್ಲಿ ಒಂದು ರೂಢಿ ಇದೆ: ಚಹಾ ಬಂತೆಂದರೆ ಪತ್ರಿಕಾಗೋಷ್ಠಿ ಮುಗಿಯಿತು. ಕಪ್ಪು ಕೈಗೆ ಬಂದ ಮೇಲೆ ಪ್ರಶ್ನೆ ಕೇಳುವವನು ಮರ್ಯಾದೆ ಗೊತ್ತಿಲ್ಲದವನು. ನಾನು ಕಪ್ಪು ಮುಟ್ಟದೆ ನಾಲ್ಕನೇ ಸಲ ಅದನ್ನೇ ಕೇಳಿದೆ.

"ಏ ಅಕ್ಕಾರ, ಆತು ಬಿಡ್ರಿ, ಚಹಾ ಆರಿ ಹೋಗ್ತೈತಿ" ಎಂದು ನಮ್ಮ ಹಿರಿಯ ಪತ್ರಕರ್ತರೊಬ್ಬರು ಭಜಿ ಮುರಿದರು. ಉಳಿದವರು ನಕ್ಕರು.

ಎದ್ದು ಹೊರಡುವಾಗ ನಾಯಕರು ನನ್ನನ್ನು ಕಂಬದ ಮರೆಗೆ ಕರೆದರು. ದನಿ ತಗ್ಗಿಸಿ, "ಖರೇ ಏನೈತಿ ಅಂತ ನಿನಗೊಬ್ಬಾಕಿಗೆ ಹೇಳ್ತೀನಿ. ಆದ್ರ ಪೇಪರಿನಾಗ ಬರಬಾರದು, ಯಾರ ಮುಂದೂ ಹೇಳಬಾರದು" ಎಂದರು. ನಮ್ಮ ಕೆಲಸದಲ್ಲಿ ಹೀಗೆ ಕಿವಿಗೆ ಬಿದ್ದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು. ಕೇಳಬೇಕು ಎಂದು ಜೀವ ಬಡಿದುಕೊಂಡಿತು. ಕೇಳಿ ಅಕ್ಕನಿಗೆ ಹೇಳಿಬಿಟ್ಟರೆ ಅವಳೊಬ್ಬಳು ಗೋಡೆಯನ್ನೋ ಬಾಡಿಗೆ ಖೋಲಿಯನ್ನೋ ನೋಡಿಕೊಂಡಾಳು, ಪಕ್ಕದ ಮನೆಯವರು ಕಾಯುತ್ತಲೇ ಇದ್ದಾರು. ನನಗೆ ಅದು ಸರಿ ಅನ್ನಿಸಲಿಲ್ಲ.

"ಬ್ಯಾಡ್ರಿ. ಹೇಳೂದಿದ್ರ ಅಲ್ಲಿ ಮೈಕಿನ ಮುಂದ ಹೇಳ್ರಿ" ಎಂದೆ.

"ನಿನ್ನ ಮರ್ಜಿ" ಎಂದು ಅವರು ಕಾರು ಹತ್ತಿದರು.

ಮರುದಿನ ಬಸ್ಸು ಹಿಡಿದು ಅಕ್ಕನ ಊರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಶಾಭಾಸ್ ಅಂದಾಳು ಎಂದು ಒಳಗೊಳಗೆ ಅನಿಸಿತ್ತು. ಅಕ್ಕ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಹೇಳ್ತೀನಿ ಅಂದ್ರೂ ಕೇಳ್ಲಿಲ್ಲಾ ನೀ?"

"ನನಗೊಬ್ಬಾಕಿಗೆ ಹೇಳಾಕ ಬಂದಿದ್ದರು ಅಕ್ಕ. ಊರಿಗೆಲ್ಲ ಹೇಳಂಗ ಇರಲಿಲ್ಲ."

"ನಿನ್ನ ನಿಯಮ ನಿನ್ನ ಪೇಪರಿಗೆ ಇಟಗೋ. ಇಕೀನ್ನ ನಾ ಯಾವ ಗ್ವಾಡಿ ಮಗ್ಗಲಕ ಮಲಗಿಸ್ಲಿ, ಅದನ್ನ ಹೇಳು."

ಹುಡುಗಿ ಒಳಗೆ ಹೊರಸಿನ ಮೇಲೆ ಮಲಗಿದ್ದಳು. ಅಳು ಬಂತು, ಅಕ್ಕನ ಮುಂದೆ ಅಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಲ್ಲೇ ಇರುವಾಗ ಅಕ್ಕ ಯಾರನ್ನೂ ಕೇಳದೆ ಗೌಂಡಿಯನ್ನು ಕರೆಸಿದಳು. ಹಳೆ ಗೋಡೆ ಇಳಿಸಿ ಇಟ್ಟಂಗಿ ಏರಿಸುವ ಹೊತ್ತಿಗೆ ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಜಗಳವಾಗುತ್ತದೆ, ದಂಡ ಹಾಕುತ್ತಾರೆ ಎಂದು ನಾನು ಹೆದರಿದ್ದೆ. ಸಮಿತಿಯ ಹಿರಿಯ ಬೈಯಲಿಲ್ಲ, ಸುಮ್ಮನೆ ಗೋಡೆ ನೋಡಿದ.

"ಈಕಿ ತಂಗಿ ಪೇಪರಿನಾಕಿ. ನಿನ್ನೆ ಬಂದ್ಲು, ಇವತ್ತ ಗ್ವಾಡಿ ಎದ್ದೈತಿ. ಊರು ಹೋಗೂದಿಲ್ಲ ಅಂತ ಖಬರ ಆಗೇತಿ ಅನ್ರಿ."

ನಾನು ಓಡಿ ಬಂದು ಕೈ ಮುಗಿದೆ. "ಯಪ್ಪಾ, ನಿಮ್ಮ ಪಾದದ ಆಣಿ, ನನಗ ಯಾರೂ ಏನೂ ಹೇಳಿಲ್ರಿ. ಮಗಳ ಸಲುವಾಗಿ ಅಕ್ಕ ಕಟ್ಟಸ್ತಾಳು, ಅಷ್ಟ."

"ಹೇಳಬ್ಯಾಡ್ರೆವಾ" ಎಂದು ಅವನು ನಕ್ಕ. "ನಿಮಗೂ ತ್ರಾಸು ಇರ್ತೈತಿ. ನಮಗ ತಿಳೀತು."

ಎಷ್ಟು ಆಣೆ ಇಟ್ಟರೂ ಯಾರೂ ನಂಬಲಿಲ್ಲ. ಇಷ್ಟು ವರ್ಷ ಸುತ್ತಿಬಳಸಿದ ಮಾತು ಕೇಳಿ ಕೇಳಿ ಅವರಿಗೆ ನೇರ ಮಾತಿನಲ್ಲೂ ಏನೋ ಅಡಗಿದೆ ಅನ್ನಿಸುತ್ತಿತ್ತು. ಒಂದು ಮನೆಗೆ ಮರಳು ಬಂತು, ಇನ್ನೊಂದಕ್ಕೆ ಸಿಮೆಂಟು ಬಂತು. ಮಳೆ ಹಿಡಿಯುವ ಮೊದಲೇ ಓಣಿ ತುಂಬ ಹೊಸ ಗೋಡೆಗಳು ಎದ್ದು ನಿಂತವು. ನಡುವೆ ಅಕ್ಕನ ಮಗಳಿಗೆ ಹೆಣ್ಣು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದರು.

ಕೆಲವು ತಿಂಗಳ ಮೇಲೆ ಶಿರಹಟ್ಟಿಯಲ್ಲಿ ಒಂದು ಕಟ್ಟಡದ ಉದ್ಘಾಟನೆ ಮುಗಿಸಿ ನಾಯಕರು ನಮ್ಮ ಮುಂದೆ ಕೂತಾಗ ನಾನು ಮತ್ತೆ ಅದನ್ನೇ ಕೇಳಿದೆ. ಈ ಸಲ ಅವರು ಹೊಳೆಯ ಮಾತಾಡಲಿಲ್ಲ.

"ಸ್ಥಳಾಂತರ ಇಲ್ಲ. ಅಧಿಕಾರಿಗಳು ಹೋಗಿ ನೋಡಿ ಬಂದಾರ. ಜನ ಅಲ್ಲೇ ಗಟ್ಟಿಮುಟ್ಟ ಮನಿ ಕಟಗೊಂಡಾರ. ಅವರಿಗೆ ಊರು ಬಿಡೂದು ಬೇಕಾಗಿಲ್ಲ."

"ಅವರು ಹಂಗಂತ ಎಲ್ಲಿ ಹೇಳ್ಯಾರ್ರೀ? ಇದು ನಿಮ್ಮ ಉತ್ತರ ಐತಿ" ಎಂದೆ.

"ನಂದಲ್ಲ ತಂಗಿ" ಎಂದರು ಅವರು, ಮೈಕಿನ ಮುಂದೆಯೇ, ಎಲ್ಲರಿಗೂ ಕೇಳುವಂತೆ. "ಮೊದಲನೇ ಗ್ವಾಡಿ ಯಾರ ಮನ್ಯಾಗ ಎದ್ದೈತಿ, ನಿನಗ ಗೊತ್ತೈತಿ. ಬರಕೋ."

ನಾನು ಬರೆದುಕೊಂಡೆ.